ನಾಯಿ ಕಚ್ಚಿದಾಗ ನೋಡಬೇಕಾದದ್ದು ಗಾಯವನ್ನು

ನಾಯಿ ಕಚ್ಚಿತು ಎಂದ ಕೂಡಲೇ ನಮ್ಮಲ್ಲಿ ಎಲ್ಲರೂ ಕೇಳುವುದು ಎರಡು ಪ್ರಶ್ನೆ: ಯಾರ ಮನೆಯ ನಾಯಿ? ಹುಚ್ಚು ಹಿಡಿದಿತ್ತೇ? ಪಕ್ಕದ ಮನೆಯದು, ದಿನಾ ನೋಡುವ ನಾಯಿ, ಈಗಲೂ ಚೆನ್ನಾಗಿಯೇ ಓಡಾಡಿಕೊಂಡಿದೆ ಎಂಬ ಉತ್ತರ ಸಿಕ್ಕರೆ ಮನೆಯವರಿಗೆ ಸಮಾಧಾನವಾಗುತ್ತದೆ. ಗಾಯಕ್ಕೆ ಒಂದಿಷ್ಟು ಅರಿಶಿನ ಮೆತ್ತಿ, ನಾಲ್ಕು ದಿನ ನೋಡೋಣ ಎಂದು ಸುಮ್ಮನಾಗುತ್ತಾರೆ. ರೇಬಿಸ್‌ನಿಂದ ಪ್ರಾಣ ಕಳೆದುಕೊಂಡವರಲ್ಲಿ ಹೆಚ್ಚಿನವರು ಸಕಾಲಕ್ಕೆ ಲಸಿಕೆ ಪಡೆಯದವರು, ಮತ್ತು ಲಸಿಕೆ ತಪ್ಪಿಹೋಗಲು ಇಂಥ ಸಮಾಧಾನವೂ ಒಂದು ದೊಡ್ಡ ಕಾರಣ. ಆದ್ದರಿಂದ ಈ ಲೇಖನ ಹೇಳಲು ಹೊರಟಿರುವುದು ಒಂದೇ ಮಾತು. ನಾಯಿ ಯಾರದು, ಹೇಗಿದೆ ಎಂಬುದರ ಮೇಲೆ ಚಿಕಿತ್ಸೆಯ ಆರಂಭವನ್ನು ನಿರ್ಧರಿಸಬೇಡಿ. ಚರ್ಮ ಹರಿದಿದೆಯೇ, ಜೊಲ್ಲು ಎಲ್ಲಿ ತಗುಲಿದೆ ಎಂದು ಗಾಯವನ್ನು ನೋಡಿ, ಅದೇ ದಿನ ನಿರ್ಧರಿಸಿ. ನಾಯಿಯ ಬಗ್ಗೆ ಮಾಡುವ ಊಹೆ ತಪ್ಪಾದರೆ ಅದನ್ನು ತಿದ್ದಿಕೊಳ್ಳಲು ಈ ರೋಗ ಅವಕಾಶ ಕೊಡುವುದಿಲ್ಲ.

ರೇಬಿಸ್ ವೈರಸ್ ದೇಹದೊಳಗೆ ಹೇಗೆ ಸಾಗುತ್ತದೆ ಎಂದು ತಿಳಿದರೆ ಈ ಮಾತಿನ ಹಿಂದಿನ ಕಾರಣ ಸ್ಪಷ್ಟವಾಗುತ್ತದೆ. ಸೋಂಕಿರುವ ಪ್ರಾಣಿಯ ಜೊಲ್ಲಿನಲ್ಲಿರುವ ವೈರಸ್ ಕಡಿತದ ಜಾಗದಲ್ಲಿ ಮಾಂಸಖಂಡಕ್ಕೆ ಇಳಿಯುತ್ತದೆ. ಅಲ್ಲಿ ಹತ್ತಿರದ ನರವನ್ನು ಹಿಡಿದು ಬೆನ್ನುಹುರಿಗೆ, ಅಲ್ಲಿಂದ ಮಿದುಳಿಗೆ ನಿಧಾನವಾಗಿ ಏರುತ್ತದೆ. ಅದರ ದಾರಿ ರಕ್ತನಾಳವಲ್ಲದ್ದರಿಂದ ದೇಹದ ರೋಗನಿರೋಧಕ ವ್ಯವಸ್ಥೆಗೆ ಅದರ ಸುಳಿವು ಸಿಗುವುದೇ ತಡವಾಗಿ. ಈ ಅವಧಿಯಲ್ಲಿ ಜ್ವರ ಇರುವುದಿಲ್ಲ, ಸುಸ್ತು ಇರುವುದಿಲ್ಲ, ಗಾಯವೂ ಮಾಗಿರುತ್ತದೆ. ವೈರಸ್ ಒಳಹೊಕ್ಕಿದೆಯೇ ಎಂದು ಆ ಹಂತದಲ್ಲಿ ಹೇಳಬಲ್ಲ ಪರೀಕ್ಷೆಯೂ ಇಲ್ಲ. ಸಾಮಾನ್ಯವಾಗಿ ಎರಡು ಮೂರು ತಿಂಗಳು, ಕೆಲವರಲ್ಲಿ ಒಂದೇ ವಾರ, ಕೆಲವರಲ್ಲಿ ಒಂದು ವರ್ಷ ಹೀಗೆಯೇ ಕಳೆಯುತ್ತದೆ. ಆಮೇಲೆ ಕಚ್ಚಿದ ಜಾಗದಲ್ಲಿ ಜುಮುಜುಮು, ಉರಿ, ಜ್ವರ ಶುರುವಾಗುತ್ತದೆ. ನೀರು ಕುಡಿಯಲು ಹೋದರೆ ಗಂಟಲು ಸೆಳೆದುಕೊಳ್ಳುತ್ತದೆ, ಗಾಳಿ ಸೋಕಿದರೂ ಬೆಚ್ಚುವಂತಾಗುತ್ತದೆ. ಐವರಲ್ಲಿ ಒಬ್ಬರಷ್ಟು ರೋಗಿಗಳಲ್ಲಿ ಈ ಆರ್ಭಟವೂ ಇರುವುದಿಲ್ಲ. ಕೈಕಾಲು ಸ್ವಾಧೀನ ತಪ್ಪುತ್ತಾ ಹೋಗುತ್ತದೆ. ಲಕ್ಷಣ ಕಾಣಿಸಿಕೊಂಡ ಮೇಲೆ ಗುಣಪಡಿಸುವ ಔಷಧಿ ಇಂದಿಗೂ ಇಲ್ಲ. ಜಗತ್ತಿನಲ್ಲಿ ಬದುಕುಳಿದವರು ಬೆರಳೆಣಿಕೆಯಷ್ಟು, ಅವರಲ್ಲೂ ಹಲವರು ತೀವ್ರ ಅಂಗವೈಕಲ್ಯದೊಂದಿಗೆ.

ಈ ನಿಧಾನಗತಿಯಲ್ಲೇ ನಮ್ಮ ಉಳಿವಿನ ದಾರಿಯೂ ಇದೆ. ವೈರಸ್ ಮಿದುಳು ಮುಟ್ಟುವ ಮೊದಲು ದೇಹದಲ್ಲಿ ಅದನ್ನು ತಡೆಯುವ ಪ್ರತಿಕಾಯಗಳು ಸಿದ್ಧವಾದರೆ ರೋಗ ಬರುವುದೇ ಇಲ್ಲ. 1885ರ ಜುಲೈ 6ರಂದು ಪ್ಯಾರಿಸ್‌ನಲ್ಲಿ ಲೂಯಿ ಪಾಶ್ಚರ್, ಎರಡು ದಿನಗಳ ಹಿಂದೆ ಹುಚ್ಚುನಾಯಿ ಕಚ್ಚಿದ್ದ ಒಂಬತ್ತು ವರ್ಷದ ಹುಡುಗನಿಗೆ ತಮ್ಮ ಲಸಿಕೆಯನ್ನು ಕೊಡಿಸಲು ಆರಂಭಿಸಿದರು, ಹುಡುಗ ಬದುಕಿದ. ಹೆಚ್ಚಿನ ಲಸಿಕೆಗಳನ್ನು ರೋಗಾಣು ದೇಹ ಸೇರುವ ಮೊದಲೇ ಹಾಕಿಸಿಕೊಂಡಿರಬೇಕು. ರೇಬಿಸ್ ಲಸಿಕೆ ಕಡಿತದ ನಂತರ ಕೊಟ್ಟರೂ ಕೆಲಸ ಮಾಡುತ್ತದೆ, ಅದಕ್ಕೆ ವೈರಸ್ಸಿನ ಈ ಮಂದ ನಡಿಗೆಯೇ ಕಾರಣ. ಹೀಗಾಗಿ ಕಡಿತಕ್ಕೂ ಲಕ್ಷಣಕ್ಕೂ ನಡುವಿನ ಈ ಅಂತರ ನಮ್ಮ ಕೈಯಲ್ಲಿರುವ ಏಕೈಕ ಅವಕಾಶ. ‘ಏನಾದರೂ ಆದರೆ ಆಸ್ಪತ್ರೆಗೆ ಹೋಗೋಣ’ ಎಂದು ಕಾಯುವವರು ಆ ಅವಕಾಶವನ್ನೇ ಖರ್ಚು ಮಾಡುತ್ತಿರುತ್ತಾರೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಮಂದಿ ರೇಬಿಸ್‌ನಿಂದ ಸಾಯುತ್ತಾರೆ. ಮನುಷ್ಯರಿಗೆ ತಗುಲುವ ರೇಬಿಸ್‌ನಲ್ಲಿ ಶೇ 99ರಷ್ಟಕ್ಕೆ ನಾಯಿಯೇ ಮೂಲ, ಬಲಿಯಾದವರಲ್ಲಿ ಶೇ 40ರಷ್ಟು 15 ವರ್ಷದೊಳಗಿನ ಮಕ್ಕಳು. ಭಾರತದ ಬಗ್ಗೆ ಆ ಸಂಸ್ಥೆಯ ಹಳೆಯ ಅಂದಾಜು ವರ್ಷಕ್ಕೆ 18,000ದಿಂದ 20,000 ಸಾವು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಂಶೋಧಕರು ಮನೆಮನೆ ಸಮೀಕ್ಷೆ ನಡೆಸಿ 2025ರಲ್ಲಿ ಪ್ರಕಟಿಸಿದ ಅಂದಾಜು ಅದಕ್ಕಿಂತ ಬಹಳ ಕಡಿಮೆ, ಸುಮಾರು 5,700. ಸಂಖ್ಯೆ ಇಳಿದಿರುವುದು ನೆಮ್ಮದಿಯ ವಿಷಯ. ಆದರೆ ಅದೇ ಅಧ್ಯಯನದ ಇನ್ನೊಂದು ಭಾಗ ಚಿಂತೆಗೆ ಹಚ್ಚುತ್ತದೆ. ದೇಶದಲ್ಲಿ ವರ್ಷಕ್ಕೆ ಸುಮಾರು 90 ಲಕ್ಷ ಮಂದಿಗೆ ಪ್ರಾಣಿಗಳು ಕಚ್ಚುತ್ತವೆ, ಅದರಲ್ಲಿ ಮುಕ್ಕಾಲು ಪಾಲು ನಾಯಿ ಕಡಿತ. ನಾಯಿ ಕಚ್ಚಿದ ಐವರಲ್ಲಿ ಒಬ್ಬರು ಲಸಿಕೆಯನ್ನೇ ಪಡೆದಿರಲಿಲ್ಲ, ಲಸಿಕೆ ಆರಂಭಿಸಿದವರಲ್ಲೂ ಅರ್ಧದಷ್ಟು ಮಂದಿ ಅದನ್ನು ಪೂರ್ತಿ ಮಾಡಿರಲಿಲ್ಲ. ಪರಿಣಾಮಕಾರಿ ಲಸಿಕೆ ದಶಕಗಳಿಂದ ಇರುವ ರೋಗಕ್ಕೆ ಇಷ್ಟು ಜನ ಸಾಯುತ್ತಿದ್ದಾರೆ ಎಂದರೆ, ಕಡಿತವಾದ ದಿನ ಮನೆಯಲ್ಲಿ ಆಗುವ ತೀರ್ಮಾನ ಎಷ್ಟು ಮುಖ್ಯ ಎಂಬುದನ್ನು ಬೇರೆ ಹೇಳಬೇಕಿಲ್ಲ.

‘ನಾಯಿ ಚೆನ್ನಾಗಿಯೇ ಇದೆಯಲ್ಲ?’

ಈ ವಾದಕ್ಕೆ ಮೊದಲು ಎದುರಾಗುವ ಆಕ್ಷೇಪ ಇದು. ಆದರೆ ಸೋಂಕಿರುವ ನಾಯಿಯ ಜೊಲ್ಲಿನಲ್ಲಿ, ಅದಕ್ಕೆ ರೋಗದ ಲಕ್ಷಣ ಕಾಣಿಸಿಕೊಳ್ಳುವ ಕೆಲವು ದಿನಗಳ ಮೊದಲೇ ವೈರಸ್ ಇರುತ್ತದೆ. ಆ ದಿನಗಳಲ್ಲಿ ಅದು ಎಂದಿನಂತೆ ಅನ್ನ ತಿನ್ನುತ್ತದೆ, ಬಾಲ ಆಡಿಸುತ್ತದೆ. ಇನ್ನು ರೇಬಿಸ್ ಬಂದ ನಾಯಿಯೆಲ್ಲ ಬಾಯಲ್ಲಿ ನೊರೆ ಸುರಿಸುತ್ತಾ ಕಂಡಕಂಡವರ ಮೇಲೆ ಎರಗುತ್ತದೆ ಎಂಬುದೂ ಅರ್ಧಸತ್ಯ. ಮಂಕಾಗಿ ಮೂಲೆ ಸೇರುವ, ದವಡೆ ಜೋತುಬೀಳುವ, ನುಂಗಲಾರದೆ ಒದ್ದಾಡುವ ನಾಯಿಗೂ ರೇಬಿಸ್ ಇರಬಹುದು. ಗಂಟಲಲ್ಲಿ ಮೂಳೆ ಸಿಕ್ಕಿರಬೇಕೆಂದು ಕನಿಕರದಿಂದ ಅದರ ಬಾಯಿಗೆ ಕೈ ಹಾಕುವವರು ಅಪಾಯಕ್ಕೆ ಸಿಲುಕುವುದು ಹೀಗೆಯೇ. ಮರಿಗಳಿಗೂ ರೋಗ ಬರುತ್ತದೆ. ಲಸಿಕೆ ಹಾಕಿಸಿದ ಸಾಕುನಾಯಿಯ ವಿಷಯದಲ್ಲೂ, ಲಸಿಕೆ ಯಾವಾಗ ಹಾಕಿಸಿದ್ದು, ಬೂಸ್ಟರ್ ತಪ್ಪಿದೆಯೇ ಎಂಬುದು ಕಚ್ಚಿಸಿಕೊಂಡವರಿಗೆ ಖಚಿತವಾಗಿ ಗೊತ್ತಿರುವುದು ಕಡಿಮೆ. ಆ ದಾಖಲೆಯನ್ನು ವೈದ್ಯರಿಗೆ ತೋರಿಸಿ, ತೀರ್ಮಾನ ಅವರಿಗೆ ಬಿಡಿ.

ಹಾಗಾದರೆ ಹತ್ತು ದಿನ ನಾಯಿಯನ್ನು ನೋಡಬೇಕು ಎಂಬ ಮಾತು ಸುಳ್ಳೇ? ಸುಳ್ಳಲ್ಲ, ಅದನ್ನು ಬಳಸುವ ಕ್ರಮ ತಪ್ಪಾಗಿದೆ. ಕಚ್ಚಿದ ದಿನ ಜೊಲ್ಲಿನಲ್ಲಿ ವೈರಸ್ ಇದ್ದ ನಾಯಿ ಅಥವಾ ಬೆಕ್ಕು ಹತ್ತು ದಿನದೊಳಗೆ ರೋಗ ತೋರಿಸುತ್ತದೆ ಅಥವಾ ಸಾಯುತ್ತದೆ. ಹತ್ತು ದಿನದ ನಂತರವೂ ಅದು ಆರೋಗ್ಯವಾಗಿದ್ದರೆ ಉಳಿದ ಡೋಸ್‌ಗಳ ಬಗ್ಗೆ ವೈದ್ಯರು ಮರುಯೋಚನೆ ಮಾಡಬಹುದು. ಅಂದರೆ ಲಸಿಕೆ ಮೊದಲ ದಿನವೇ ಆರಂಭವಾಗಬೇಕು, ನಾಯಿಯ ಮೇಲಿನ ನಿಗಾ ಅದರ ಜೊತೆಜೊತೆಗೆ ನಡೆಯಬೇಕು. ನೋಡಿಯೇ ಲಸಿಕೆ ಹಾಕಿಸೋಣ ಎಂದರೆ ಅಮೂಲ್ಯವಾದ ಹತ್ತು ದಿನ ವೈರಸ್ಸಿಗೆ ಸಿಕ್ಕಂತೆ. ಈ ಹತ್ತು ದಿನದ ಲೆಕ್ಕ ನಾಯಿ ಬೆಕ್ಕುಗಳಿಗೆ ಮಾತ್ರ. ಮಂಗ, ನರಿ, ತೋಳ, ಮುಂಗುಸಿಗಳಿಗೆ ಅನ್ವಯಿಸದು. ಕಚ್ಚಿದ ನಾಯಿಯನ್ನು ಸಿಟ್ಟಿನಿಂದ ಹೊಡೆದು ಕೊಲ್ಲುವುದರಿಂದಲೂ ನಷ್ಟವೇ. ಅದು ಬದುಕಿದ್ದರೆ ಸಿಗುತ್ತಿದ್ದ ಮಾಹಿತಿ ಅದರೊಂದಿಗೇ ಹೋಗುತ್ತದೆ, ಹಿಡಿಯಲು ಹೋದವರಿಗೂ ಕಡಿತವಾಗುತ್ತದೆ.

‘ಸಣ್ಣ ಗಾಯ, ರಕ್ತವೂ ಬಂದಿಲ್ಲ’

ಗಾಯದ ಗಾತ್ರಕ್ಕೂ ಅಪಾಯಕ್ಕೂ ನೇರ ಸಂಬಂಧ ಇಲ್ಲ. ವೈದ್ಯರು ಸಂಪರ್ಕವನ್ನು ಮೂರು ವರ್ಗಗಳಾಗಿ ನೋಡುತ್ತಾರೆ. ಪ್ರಾಣಿಯನ್ನು ಮುಟ್ಟಿದ್ದು, ತಿನ್ನಿಸಿದ್ದು, ಗಾಯವಿಲ್ಲದ ಚರ್ಮವನ್ನು ಅದು ನೆಕ್ಕಿದ್ದು ಮೊದಲನೆಯ ವರ್ಗ. ಸೋಪಿನಿಂದ ತೊಳೆದುಕೊಂಡರೆ ಸಾಕು, ಲಸಿಕೆ ಬೇಡ. ಬರಿಮೈಯನ್ನು ಮೆಲ್ಲಗೆ ಕಚ್ಚಿದ್ದು, ರಕ್ತ ಬರದಂತೆ ತರಚಿದ್ದು ಅಥವಾ ಪರಚಿದ್ದು ಎರಡನೆಯ ವರ್ಗ. ಗಾಯ ತೊಳೆದು ಲಸಿಕೆ ಪಡೆಯಬೇಕು. ಚರ್ಮ ಸೀಳಿ ಹಲ್ಲು ಅಥವಾ ಉಗುರು ಇಳಿದಿದ್ದರೆ, ಮೊದಲೇ ಇದ್ದ ಗಾಯವನ್ನು ನೆಕ್ಕಿದ್ದರೆ, ಜೊಲ್ಲು ಕಣ್ಣು, ಮೂಗು, ಬಾಯಿಯ ಒಳಪದರಕ್ಕೆ ತಗುಲಿದ್ದರೆ ಮೂರನೆಯ ವರ್ಗ. ತೊಳೆಯುವುದು, ಲಸಿಕೆ, ಅದರೊಂದಿಗೆ ಸಿದ್ಧ ಪ್ರತಿಕಾಯಗಳ ಮದ್ದಾದ ಇಮ್ಯುನೊಗ್ಲೋಬ್ಯುಲಿನ್ ಮೂರೂ ಬೇಕು. ಕಾಡುಪ್ರಾಣಿಗಳ ಕಡಿತವನ್ನು ನಮ್ಮ ದೇಶದ ಮಾರ್ಗಸೂಚಿ ಮೂರನೆಯ ವರ್ಗಕ್ಕೇ ಸೇರಿಸುತ್ತದೆ. ಮುಖ, ತಲೆ, ಕುತ್ತಿಗೆಯ ಕಡಿತ ಹೆಚ್ಚು ಅಪಾಯಕಾರಿ, ಏಕೆಂದರೆ ಅಲ್ಲಿಂದ ಮಿದುಳಿಗೆ ದಾರಿ ಹತ್ತಿರ. ಬೆರಳುಗಳಲ್ಲಿ ನರಗಳ ತುದಿಗಳು ದಟ್ಟವಾಗಿರುವುದರಿಂದ ಕೈಗೆ ಆದ ಕಡಿತವನ್ನೂ ಹಗುರವಾಗಿ ಕಾಣುವಂತಿಲ್ಲ. ಎತ್ತರ ಕಡಿಮೆ ಇರುವ ಮಕ್ಕಳಿಗೆ ನಾಯಿ ಮುಖಕ್ಕೇ ಬಾಯಿ ಹಾಕುವ ಸಂಭವ ಹೆಚ್ಚು, ಆದ್ದರಿಂದ ಅವರ ವಿಷಯದಲ್ಲಿ ಒಂದು ಗಂಟೆಯೂ ತಡ ಮಾಡಬಾರದು.

ಮೊದಲ ಹದಿನೈದು ನಿಮಿಷ

ಆಸ್ಪತ್ರೆ ಎಷ್ಟೇ ದೂರವಿರಲಿ, ಚಿಕಿತ್ಸೆಯ ಮೊದಲ ಹೆಜ್ಜೆ ಮನೆಯ ನಲ್ಲಿಯ ಕೆಳಗೇ ಆಗಬೇಕು. ಹರಿಯುವ ನೀರಿನಲ್ಲಿ, ಸೋಪು ಹಚ್ಚಿ, ಗಡಿಯಾರ ನೋಡಿಕೊಂಡು ಹದಿನೈದು ನಿಮಿಷ ಗಾಯ ತೊಳೆಯಬೇಕು. ರೇಬಿಸ್ ವೈರಸ್ಸಿನ ಹೊರಕವಚದಲ್ಲಿ ಕೊಬ್ಬಿನ ಪದರ ಇದೆ, ಸೋಪು ಆ ಪದರವನ್ನು ಒಡೆದು ವೈರಸ್ಸನ್ನು ನಿಷ್ಕ್ರಿಯಗೊಳಿಸುತ್ತದೆ. ನೀರು ಉಳಿದದ್ದನ್ನು ಕೊಚ್ಚಿಕೊಂಡು ಹೋಗುತ್ತದೆ. ನರವನ್ನು ಹಿಡಿಯುವ ಮೊದಲೇ ವೈರಸ್ಸಿನ ಪ್ರಮಾಣ ತಗ್ಗಿಸಲು ಇದಕ್ಕಿಂತ ಅಗ್ಗದ, ಎಲ್ಲರ ಕೈಗೆಟಕುವ ಉಪಾಯ ಇನ್ನೊಂದಿಲ್ಲ. ಬಟ್ಟೆ ತೊಳೆಯುವ ಸೋಪಾದರೂ ನಡೆಯುತ್ತದೆ. ತೊಳೆದ ಮೇಲೆ ಪೊವಿಡೋನ್ ಅಯೋಡಿನ್‌ನಂಥ ಕ್ರಿಮಿನಾಶಕ ಹಚ್ಚಬಹುದು. ಸುಣ್ಣ, ಖಾರದ ಪುಡಿ, ಕಾಫಿ ಪುಡಿ, ಸೀಮೆಎಣ್ಣೆ, ಸೊಪ್ಪಿನ ರಸ ಯಾವುದನ್ನೂ ಮೆತ್ತಬಾರದು. ಅವು ಗಾಯವನ್ನು ಕೆರಳಿಸಿ ವೈರಸ್ ಇನ್ನಷ್ಟು ಆಳಕ್ಕಿಳಿಯಲು ಅನುಕೂಲ ಮಾಡಿಕೊಡುತ್ತವೆ. ಬಿಗಿಯಾಗಿ ಬ್ಯಾಂಡೇಜ್ ಕಟ್ಟಬಾರದು. ಹೊಲಿಗೆಯನ್ನು ಸಾಧ್ಯವಾದಷ್ಟೂ ತಪ್ಪಿಸಬೇಕು, ಅನಿವಾರ್ಯವಾದರೆ ಇಮ್ಯುನೊಗ್ಲೋಬ್ಯುಲಿನ್ ಹಾಕಿದ ಮೇಲೆ, ಸಡಿಲವಾಗಿ ಹಾಕಬೇಕು. ಧನುರ್ವಾಯು ಚುಚ್ಚುಮದ್ದು ಬೇಕೇ ಎಂದು ಕೇಳಿ, ಆದರೆ ಒಂದು ಟಿಟಿ ಹಾಕಿಸಿಕೊಂಡರೆ ನಾಯಿ ಕಡಿತಕ್ಕೆ ಚಿಕಿತ್ಸೆ ಮುಗಿಯಿತು ಎಂಬ ತಪ್ಪು ತಿಳಿವಳಿಕೆ ಬೇಡ. ಧನುರ್ವಾಯುವಿನ ಲಸಿಕೆ ರೇಬಿಸ್ ತಡೆಯುವುದಿಲ್ಲ.

ಲಸಿಕೆ, ಅದರ ಜೊತೆಗೆ ಇನ್ನೊಂದು ಮದ್ದು

ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಎಂಬ ಭಯ ಹಳೆಯ ತಲೆಮಾರಿನವರಲ್ಲಿ ಇಂದಿಗೂ ಇದೆ. ಅದಕ್ಕೆ ಆಧಾರವೂ ಇತ್ತು. 1911ರಲ್ಲಿ ಕಸೌಲಿಯಲ್ಲಿ ಡೇವಿಡ್ ಸೆಂಪಲ್ ರೂಪಿಸಿದ, ಕುರಿಯ ಮಿದುಳಿನಿಂದ ತಯಾರಿಸಿದ ಲಸಿಕೆಯನ್ನು ದಶಕಗಳ ಕಾಲ ಹೊಟ್ಟೆಗೆ ಚುಚ್ಚುತ್ತಿದ್ದರು. ನೋವು ಹೆಚ್ಚು, ಕೆಲವರಿಗೆ ನರಮಂಡಲದ ತೊಂದರೆಯೂ ಆಗುತ್ತಿತ್ತು. ಭಾರತದಲ್ಲಿ ಅದರ ತಯಾರಿಕೆ 2004ರ ಕೊನೆಗೆ ನಿಂತುಹೋಯಿತು. ಇಂದಿನ ಲಸಿಕೆ ಪ್ರಯೋಗಾಲಯದ ಜೀವಕೋಶಗಳಲ್ಲಿ ಬೆಳೆಸಿದ, ನಿಷ್ಕ್ರಿಯಗೊಳಿಸಿದ ವೈರಸ್ಸಿನಿಂದ ಆದದ್ದು, ಸುರಕ್ಷಿತ. ಸರ್ಕಾರಿ ಆಸ್ಪತ್ರೆಗಳಲ್ಲಿ ಹೆಚ್ಚಾಗಿ ಚರ್ಮದ ಪದರದೊಳಗೆ ಕೊಡುತ್ತಾರೆ: 0, 3, 7 ಮತ್ತು 28ನೇ ದಿನ, ಪ್ರತಿ ಸಲ ಎರಡು ಕಡೆ 0.1 ಮಿಲಿಲೀಟರ್‌ನಂತೆ. ಇಷ್ಟು ಕಡಿಮೆ ಮದ್ದು ಸಾಕೇ ಎಂಬ ಸಂಶಯ ಬೇಡ. ಚರ್ಮದಲ್ಲಿ ರೋಗನಿರೋಧಕ ಕೋಶಗಳು ದಟ್ಟವಾಗಿರುವುದರಿಂದ ಅಷ್ಟೇ ಸಾಕಾಗುತ್ತದೆ. ಸ್ನಾಯುವಿಗೆ ಕೊಡುವ ಕ್ರಮದಲ್ಲಿ 0, 3, 7, 14, 28ನೇ ದಿನ ಐದು ಡೋಸ್. ಮೊದಲ ಇಂಜೆಕ್ಷನ್ ಹಾಕಿಸಿಕೊಂಡ ದಿನವೇ ಸೊನ್ನೆಯ ದಿನ. ಅದು ಸೋಮವಾರವಾದರೆ ಮುಂದಿನದು ಗುರುವಾರ, ಆಮೇಲಿನದು ಮರು ಸೋಮವಾರ, 28ನೇ ದಿನದ ಡೋಸ್ ನಾಲ್ಕು ವಾರಗಳ ನಂತರದ ಸೋಮವಾರ. ತೋಳಿಗೆ, ಪುಟ್ಟ ಮಕ್ಕಳಿಗಾದರೆ ತೊಡೆಗೆ ಕೊಡಬೇಕು. ಪೃಷ್ಠಕ್ಕೆ ಕೊಡಬಾರದು, ಅಲ್ಲಿನ ಕೊಬ್ಬಿನಲ್ಲಿ ಲಸಿಕೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಒಂದು ಡೋಸ್ ತಡವಾದರೆ ಎಲ್ಲವನ್ನೂ ಬಿಡಬೇಡಿ, ಮೊದಲಿಂದ ಶುರುಮಾಡುವ ಅಗತ್ಯವೂ ಇಲ್ಲ. ಕೂಡಲೇ ಹೋಗಿ ಉಳಿದದ್ದನ್ನು ಮುಂದುವರಿಸಿ.

ಲಸಿಕೆ ಹಾಕಿದ ಮೇಲೆ ದೇಹ ತನ್ನದೇ ಪ್ರತಿಕಾಯ ತಯಾರಿಸಲು ಒಂದರಿಂದ ಎರಡು ವಾರ ಬೇಕು. ಆಳವಾದ ಗಾಯವಾಗಿದ್ದಾಗ ಅಷ್ಟು ದಿನ ಗಾಯದಲ್ಲಿರುವ ವೈರಸ್ಸನ್ನು ತಡೆಯುವವರು ಯಾರು? ಅದಕ್ಕಾಗಿಯೇ ಸಿದ್ಧ ಪ್ರತಿಕಾಯಗಳಾದ ಇಮ್ಯುನೊಗ್ಲೋಬ್ಯುಲಿನ್ ಇದೆ. ಅದನ್ನು ಗಾಯದ ಒಳಗೂ ಸುತ್ತಲೂ ಚುಚ್ಚುತ್ತಾರೆ. ಮನುಷ್ಯರ ರಕ್ತದಿಂದ ತಯಾರಿಸಿದ್ದಾದರೆ ದೇಹತೂಕದ ಪ್ರತಿ ಕಿಲೋಗೆ 20 ಯೂನಿಟ್, ಕುದುರೆಯ ರಕ್ತದಿಂದ ತಯಾರಿಸಿದ್ದಾದರೆ 40 ಯೂನಿಟ್ ಗರಿಷ್ಠ ಮಿತಿ. ಈಗ ಇವುಗಳ ಬದಲು ಬಳಸಬಹುದಾದ ಮಾನೋಕ್ಲೋನಲ್ ಪ್ರತಿಕಾಯಗಳೂ ಭಾರತದಲ್ಲೇ ತಯಾರಾಗುತ್ತಿವೆ. ಇಮ್ಯುನೊಗ್ಲೋಬ್ಯುಲಿನ್ ಅನ್ನು ಮೊದಲ ದಿನವೇ ಕೊಡುವುದು ಸರಿ. ಆ ದಿನ ಸಿಗದಿದ್ದರೆ ಮೊದಲ ಲಸಿಕೆಯ ನಂತರ ಏಳು ದಿನದೊಳಗೆ ಕೊಡಬಹುದು, ಆಮೇಲೆ ಅಗತ್ಯವಿಲ್ಲ. ನಮ್ಮಲ್ಲಿ ಅತಿ ಹೆಚ್ಚು ತಪ್ಪಿಹೋಗುವ ಮದ್ದು ಇದು. ಕೆಲವೆಡೆ ದಾಸ್ತಾನು ಇರುವುದಿಲ್ಲ, ಕೆಲವೆಡೆ ಗಾಯಕ್ಕೇ ಚುಚ್ಚಲು ಹಿಂಜರಿಯುತ್ತಾರೆ, ರೋಗಿಗೆ ಅದರ ಹೆಸರೇ ಗೊತ್ತಿರುವುದಿಲ್ಲ. ರಕ್ತ ಬಂದ ಕಡಿತವಾಗಿದ್ದರೆ ‘ಇಮ್ಯುನೊಗ್ಲೋಬ್ಯುಲಿನ್ ಬೇಕಲ್ಲವೇ ಡಾಕ್ಟ್ರೇ?’ ಎಂದು ಹೆಸರಿಟ್ಟು ಕೇಳಿ. ಅಲ್ಲಿ ಇಲ್ಲವೆಂದರೆ ಲಸಿಕೆಯ ಮೊದಲ ಡೋಸ್ ಹಾಕಿಸಿಕೊಂಡು ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಹೋಗಿ.

ನಾಟಿ ಮದ್ದಿನಿಂದ ಗುಣವಾದವರು ಇದ್ದಾರಲ್ಲ?

ಪ್ರತಿ ತಾಲ್ಲೂಕಿನಲ್ಲೂ ನಾಯಿ ಕಡಿತಕ್ಕೆ ಬೇರು ಕೊಡುವವರು, ಯಂತ್ರ ಕಟ್ಟುವವರು ಸಿಗುತ್ತಾರೆ. ಅವರಲ್ಲಿಗೆ ಹೋಗಿ ಏನೂ ಆಗದೆ ಬದುಕಿದವರೂ ನಿಜವಾಗಿಯೂ ಇದ್ದಾರೆ. ಈ ಅನುಭವವನ್ನು ಸುಳ್ಳೆಂದು ತಳ್ಳಿಹಾಕಿದರೆ ಯಾರೂ ನಂಬುವುದಿಲ್ಲ, ಅದಕ್ಕೆ ಕಾರಣವನ್ನು ಹುಡುಕಬೇಕು. ಕಚ್ಚುವ ನಾಯಿಗಳಲ್ಲಿ ಬಹುಪಾಲು ನಾಯಿಗಳಿಗೆ ರೇಬಿಸ್ ಇರುವುದಿಲ್ಲ. ರೇಬಿಸ್ ಇದ್ದ ನಾಯಿ ಕಚ್ಚಿದರೂ ಎಲ್ಲರಿಗೂ ಸೋಂಕು ತಗುಲುವುದಿಲ್ಲ. ಜೊಲ್ಲಿನಲ್ಲಿ ಎಷ್ಟು ವೈರಸ್ ಇತ್ತು, ಹಲ್ಲು ಎಷ್ಟು ಆಳಕ್ಕಿಳಿಯಿತು, ನಡುವೆ ಬಟ್ಟೆ ಇತ್ತೇ ಎಂಬುದರ ಮೇಲೆ ಅದು ಹೋಗುತ್ತದೆ. ಆದ್ದರಿಂದ ಏನೂ ಮಾಡದಿದ್ದರೂ ಕಚ್ಚಿಸಿಕೊಂಡವರಲ್ಲಿ ಹೆಚ್ಚಿನವರು ಬದುಕುತ್ತಿದ್ದರು, ಆ ಬದುಕಿನ ಶ್ರೇಯಸ್ಸು ಬೇರಿಗೆ ಸಿಕ್ಕಿತು. ಸತ್ತವರು ಬಂದು ಸಾಕ್ಷಿ ಹೇಳುವುದಿಲ್ಲ. ತಿಂಗಳುಗಳ ನಂತರ ಸಾವು ಬಂದಾಗ ಅದನ್ನು ಹಳೆಯ ಕಡಿತದೊಂದಿಗೆ ಜೋಡಿಸಿ ನೋಡುವವರೂ ಕಡಿಮೆ. ನಂಬಿಕೆಗೆ ಯಾರ ಅಡ್ಡಿಯೂ ಇಲ್ಲ. ದೇವರಿಗೆ ಹರಕೆ ಹೊರಿ, ಆದರೆ ಮೊದಲು ಗಾಯ ತೊಳೆದು ಲಸಿಕೆ ಹಾಕಿಸಿ.

ಇದಕ್ಕೆ ತದ್ವಿರುದ್ಧವಾದ ಆಕ್ಷೇಪವೂ ಇದೆ: ಲಸಿಕೆ ಹಾಕಿಸಿದರೂ ಸತ್ತವರಿದ್ದಾರಲ್ಲ? 2022ರಲ್ಲೂ 2025ರಲ್ಲೂ ಕೇರಳದಲ್ಲಿ ಲಸಿಕೆ ಪಡೆದಿದ್ದ ಮಕ್ಕಳು ತೀರಿಕೊಂಡಾಗ ಈ ಪ್ರಶ್ನೆ ಜೋರಾಗಿ ಎದ್ದಿತು. ಇಂಥ ಸಾವುಗಳು ಅಪರೂಪ, ಆದರೆ ಅವುಗಳನ್ನು ಮರೆಮಾಚಬಾರದು. ತಲೆ ಅಥವಾ ಮುಖಕ್ಕೆ ಆಳವಾದ ಕಡಿತವಾದಾಗ ವೈರಸ್ ನೇರವಾಗಿ ನರವನ್ನೇ ಹೊಕ್ಕು, ಪ್ರತಿಕಾಯ ಸಿದ್ಧವಾಗುವ ಮೊದಲೇ ಮಿದುಳು ತಲುಪಬಹುದು. ಗಾಯ ತೊಳೆಯದಿರುವುದು, ಹಲವು ಗಾಯಗಳಲ್ಲಿ ಒಂದಕ್ಕೆ ಇಮ್ಯುನೊಗ್ಲೋಬ್ಯುಲಿನ್ ಬಿಟ್ಟುಹೋಗುವುದು, ತಡವಾಗಿ ಬರುವುದು ಇವೂ ವೈಫಲ್ಯಕ್ಕೆ ಗೊತ್ತಿರುವ ಕಾರಣಗಳು. ಇವೆಲ್ಲವೂ ಹೇಳುವುದು ಬೇಗ ಹೋಗಿ, ಪೂರ್ತಿಯಾಗಿ ಮಾಡಿಸಿ ಎಂದೇ. ಲಸಿಕೆ ಬೇಡ ಎಂಬ ತೀರ್ಮಾನಕ್ಕೆ ಇವುಗಳಲ್ಲಿ ಆಧಾರವಿಲ್ಲ.

ಉಳಿದ ಸಂಶಯಗಳು

ಗರ್ಭಿಣಿಯರು, ಬಾಣಂತಿಯರು, ಎಳೆಗೂಸುಗಳು, ಸಕ್ಕರೆ ಕಾಯಿಲೆಯವರು ಎಲ್ಲರೂ ಈ ಲಸಿಕೆ ಪಡೆಯಬಹುದು. ಎದುರಿಗಿರುವುದು ಪ್ರಾಣಾಪಾಯವಾದ್ದರಿಂದ ಬೇಡ ಎನ್ನಲು ಯಾವ ಸ್ಥಿತಿಯೂ ಕಾರಣವಾಗದು. ದೇಹದ ರೋಗನಿರೋಧಕ ಶಕ್ತಿ ಕುಂದಿಸುವ ಕಾಯಿಲೆ ಅಥವಾ ಔಷಧಿ ಇದ್ದರೆ ವೈದ್ಯರಿಗೆ ತಪ್ಪದೆ ತಿಳಿಸಿ. ಊಟದಲ್ಲಿ ಪಥ್ಯ ಬೇಕಿಲ್ಲ. ಹಿಂದೆ ಪೂರ್ತಿ ಲಸಿಕೆ ಪಡೆದವರಿಗೆ ಮತ್ತೆ ಕಚ್ಚಿದರೆ ಸಾಮಾನ್ಯವಾಗಿ 0 ಮತ್ತು 3ನೇ ದಿನದ ಎರಡು ಡೋಸ್ ಸಾಕು, ಇಮ್ಯುನೊಗ್ಲೋಬ್ಯುಲಿನ್ ಬೇಡ. ಆದ್ದರಿಂದ ಲಸಿಕೆಯ ಚೀಟಿಯನ್ನು ಜೋಪಾನವಾಗಿಡಿ. ಬೆಕ್ಕು, ಮಂಗಗಳ ಕಡಿತವನ್ನೂ ನಾಯಿಯ ಕಡಿತದಷ್ಟೇ ಗಂಭೀರವಾಗಿ ಕಾಣಬೇಕು. ಮನೆಯ ಇಲಿ, ಅಳಿಲು, ಮೊಲಗಳ ಕಡಿತಕ್ಕೆ ಲಸಿಕೆ ಬೇಕಾಗುವುದು ಅಪರೂಪ. ರೇಬಿಸ್ ಬಂದ ಹಸುವಿನ ಹಾಲು ಕುಡಿದೆವೆಂದು ಇಡೀ ಊರು ಗಾಬರಿಗೊಳ್ಳುವುದುಂಟು. ಹಾಲಿನಿಂದ ಮನುಷ್ಯರಿಗೆ ರೋಗ ಬಂದ ಪುರಾವೆ ಇಲ್ಲ, ಕಾಯಿಸಿದ ಹಾಲಿನಲ್ಲಿ ವೈರಸ್ ಉಳಿಯುವುದೂ ಇಲ್ಲ. ಆದರೂ ಅಂಥ ಹಸುವಿನ ಹಾಲನ್ನು ಬಳಸಬಾರದು, ಅದರ ಬಾಯಿಗೆ ಕೈ ಹಾಕಿದವರು, ಜೊಲ್ಲು ತಗುಲಿದವರು ಆಸ್ಪತ್ರೆಗೆ ಹೋಗಬೇಕು. ಕಚ್ಚಿ ವಾರಗಳೇ ಕಳೆದಿವೆ, ಇನ್ನು ಹೋಗಿ ಏನು ಪ್ರಯೋಜನ ಎಂದು ಕೈಚೆಲ್ಲಿ ಕೂರುವವರಿಗೂ ಇದೇ ಉತ್ತರ: ಲಕ್ಷಣ ಕಾಣಿಸಿಕೊಂಡಿಲ್ಲವೆಂದರೆ ಅವಕಾಶ ಇನ್ನೂ ಉಳಿದಿದೆ, ಇಂದೇ ಹೋಗಿ.

ಸರ್ಕಾರಿ ಆಸ್ಪತ್ರೆಗಳಲ್ಲಿ ರೇಬಿಸ್ ಲಸಿಕೆ ಉಚಿತ. ಹತ್ತಿರದಲ್ಲಿ ಎಲ್ಲಿ ಸಿಗುತ್ತದೆ ಎಂದು ತಿಳಿಯದಿದ್ದರೆ ರಾಜ್ಯದ ಆರೋಗ್ಯ ಸಹಾಯವಾಣಿ 104ಕ್ಕೆ ಕರೆ ಮಾಡಬಹುದು, ಆಶಾ ಕಾರ್ಯಕರ್ತೆಯರನ್ನು ಕೇಳಬಹುದು. ಸರ್ಕಾರಗಳ ಹೊಣೆ ಇಷ್ಟಕ್ಕೇ ಮುಗಿಯುವುದಿಲ್ಲ. 2030ರ ಹೊತ್ತಿಗೆ ನಾಯಿಯಿಂದ ಹರಡುವ ರೇಬಿಸ್ ತೊಡೆಯುವ ಗುರಿಯನ್ನು ದೇಶ 2021ರಲ್ಲಿ ಹಾಕಿಕೊಂಡಿದೆ. ಒಂದು ಪ್ರದೇಶದ ನಾಯಿಗಳಲ್ಲಿ ಶೇ 70ರಷ್ಟಕ್ಕೆ ವರ್ಷವರ್ಷವೂ ಲಸಿಕೆ ಹಾಕಿದರೆ ಅವುಗಳಲ್ಲಿ ರೋಗದ ಸರಪಳಿ ಕಡಿಯುತ್ತದೆ. ನೆರೆಯ ಗೋವಾ ಈ ದಾರಿಯಲ್ಲಿ ನಡೆದು 2021ರಲ್ಲಿ ರೇಬಿಸ್ ನಿಯಂತ್ರಿತ ರಾಜ್ಯವೆಂದು ಘೋಷಿಸಿಕೊಂಡಿತು. ಆ ದಿನ ನಮ್ಮಲ್ಲೂ ಬರುವವರೆಗೆ ಮನೆಗಳಲ್ಲಿ ಮಾಡಬಹುದಾದ ಕೆಲಸವೊಂದಿದೆ. ನಾಯಿಯನ್ನು ಕೆಣಕಿದೆ, ಬೇಡವೆಂದ ಕಡೆ ಆಡಲು ಹೋದೆ ಎಂದು ಬೈಯುತ್ತಾರೆಂಬ ಹೆದರಿಕೆಯಿಂದ ಮಕ್ಕಳು ಕಡಿತವನ್ನು, ಪರಚಿದ್ದನ್ನು ಮುಚ್ಚಿಡುತ್ತಾರೆ. ನಾಯಿ, ಬೆಕ್ಕು, ಮಂಗ ಯಾವುದು ಕಚ್ಚಿದರೂ ಪರಚಿದರೂ ಕೂಡಲೇ ಬಂದು ಹೇಳು, ಯಾರೂ ಬೈಯುವುದಿಲ್ಲ ಎಂದು ಇಂದೇ ಅವರಿಗೆ ಹೇಳಿ. ಮಗು ಹಾಗೆ ಬಂದು ಹೇಳಿದ ದಿನ ನಾಯಿ ಯಾರದೆಂದು ವಿಚಾರಿಸುತ್ತಾ ನಿಲ್ಲದೆ, ಮಗುವನ್ನು ನಲ್ಲಿಯ ಬಳಿ ಕರೆದುಕೊಂಡು ಹೋಗಿ ಗಾಯ ತೊಳೆಯಿರಿ, ಅಲ್ಲಿಂದ ನೇರ ಆಸ್ಪತ್ರೆಗೆ ನಡೆಯಿರಿ.